ವಿಳಾಸವಿಲ್ಲದ ಸೂಜಿ

ಕನ್ನಡ ಕಲಿಸುವವನಿಂದ ಈ ಪುಟದ ವಾಚಕರು ನಿರೀಕ್ಷಿಸುವುದು ರನ್ನನನ್ನೋ ಹರಿಹರನನ್ನೋ ಕುರಿತ ನಾಲ್ಕು ಮಾತುಗಳನ್ನು. ಅದರಲ್ಲಿಯೂ ಮುಧೋಳದ ನೆರೆಯಲ್ಲಿ ವಾಸವಾಗಿರುವವನು ರನ್ನನನ್ನು ಬಿಟ್ಟು ಬೇರೆಯದನ್ನು ಬರೆಯಹೊರಟರೆ ಅದು ಒಂದು ಬಗೆಯ ಅಪರಾಧವೇ ಸರಿ. ಆದರೂ ಈ ಸಲ ನಾನು ಬರೆಯಬೇಕೆಂದಿರುವುದು ದವಾಖಾನೆಯ ಕಸವನ್ನು ಕುರಿತು. ವಿಷಯವು ಸರಸವಾದುದಲ್ಲ, ಆರಿಸಿಕೊಂಡುದೂ ನಾನಲ್ಲ. ಅದು ನಮ್ಮ ಮನೆಯ ಬಾಗಿಲಿಗೇ ಬಂದು ನಿಂತಿತು.

ಕಳೆದ ವರ್ಷದ ಒಂದು ಮುಂಜಾವು. ಜಮಖಂಡಿಯ ನಮ್ಮ ಓಣಿಗೆ ಕಸದ ಗಾಡಿ ಬಂದಿತ್ತು. ಹಿಂದಿನ ದಿನದ ಕಸದ ಚೀಲವನ್ನು ಗಂಟುಹಾಕಿ ಕೊಟ್ಟು ನಾನು ಒಳಗೆ ತಿರುಗಿದ್ದೆ. ಗಾಡಿಯ ಹುಡುಗ ಎಂದಿನಂತೆ ಚೀಲವನ್ನು ಕೈಯಿಂದ ಅದುಮಿ ತುರುಕಿದವನು ಮರುಕ್ಷಣವೇ ಕೈಯನ್ನು ಹಿಂದಕ್ಕೆ ಎಳೆದುಕೊಂಡ. “ಸರ, ಕೈಗಿ ಏನೋ ನಟ್ಟತ್ರಿ,” ಎಂದ. ಅಂಗೈಯ ಬುಡದಲ್ಲಿ ಸಾಸಿವೆಯಷ್ಟು ರಕ್ತ. ನಟ್ಟಿದ್ದುದು ಸೂಜಿ. ಸಕ್ಕರೆ ಬೇನೆಯ ನನ್ನ ತಾಯಿ ಹಲವು ವರ್ಷಗಳಿಂದ ದಿನಕ್ಕೆ ಎರಡು ಬಾರಿ ಇನ್ಸುಲಿನ್ ತೆಗೆದುಕೊಳ್ಳುತ್ತಾಳೆ. ಬಳಸಿದ ಸೂಜಿಗಳನ್ನು ತರಕಾರಿಯ ಸಿಪ್ಪೆ, ಚಹದ ಪುಡಿಗಳೊಡನೆ ಚೀಲಕ್ಕೆ ಹಾಕುತ್ತಿದ್ದವನು ನಾನೇ.

ಅವನು ನನ್ನನ್ನು ಬೈಯಲಿಲ್ಲ. ಒಂದೇ ಒಂದು ಪ್ರಶ್ನೆಯನ್ನು ಕೇಳಿದ: “ನಿಮ್ಮ ಮನ್ಯಾಗ ಯಾರಿಗರ ಏನರ ಐತೇನ್ರಿ?”

ತರಗತಿಯಲ್ಲಿ ಇಪ್ಪತ್ತು ವರ್ಷ ಪ್ರಶ್ನೆ ಕೇಳುತ್ತ ಬಂದವನು ನಾನು. ಇಷ್ಟು ಚಿಕ್ಕದಾದ, ಇಷ್ಟು ನ್ಯಾಯವಾದ ಪ್ರಶ್ನೆಯನ್ನು ನಾನು ಯಾರಿಗೂ ಹಾಕಿದ ನೆನಪಿಲ್ಲ. ನನಗೂ ಯಾರೂ ಹಾಕಿರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಅಡಿಗೆಮನೆಯಿಂದ ಅರಿಸಿನ ತಂದೆ. ಆಮೇಲೆ ಅವನನ್ನು ಕರೆದುಕೊಂಡು ವೈದ್ಯರಲ್ಲಿಗೆ ಹೋದಾಗ ಅವರು ನನ್ನ ಅರಿಸಿನವನ್ನು ತೊಳೆಸಿಹಾಕಿದರು. ಹೀಗೆ ಚುಚ್ಚಿದಾಗ ಮೊದಲು ಮಾಡಬೇಕಾದುದು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ತೊಳೆಯುವುದು. ಗಾಯವನ್ನು ಹಿಂಡಬಾರದು, ಬಾಯಿಗೆ ಇಡಬಾರದು. ಕೂಡಲೇ ದವಾಖಾನೆಗೆ ಹೋಗಬೇಕು. ಎಚ್‌ಐವಿಯ ಶಂಕೆ ಇದ್ದಲ್ಲಿ ಅದನ್ನು ತಡೆಯುವ ಔಷಧವನ್ನು ಸಾಧ್ಯವಾದರೆ ೨ ಗಂಟೆಗಳೊಳಗೆ, ಏನೇ ಆದರೂ ೭೨ ಗಂಟೆಗಳೊಳಗೆ ಆರಂಭಿಸಬೇಕು; ಆಮೇಲೆ ಅದರಿಂದ ಪ್ರಯೋಜನವಿಲ್ಲ. ಇಷ್ಟನ್ನು ಅಂದು ಕಲಿತೆ.

ಮೂರು ಅಂಕಿಗಳನ್ನೂ ಕಲಿತೆ. ಸೋಂಕು ಇರುವವರಿಗೆ ಬಳಸಿದ ಸೂಜಿ ಒಮ್ಮೆ ಚುಚ್ಚಿದರೆ ಹೆಪಟೈಟಿಸ್ ಬಿ ಅಂಟುವ ಸಂಭವ ನೂರಕ್ಕೆ ೩೦. ಹೆಪಟೈಟಿಸ್ ಸಿ ನೂರಕ್ಕೆ ೧.೮, ಎಚ್‌ಐವಿ ನೂರಕ್ಕೆ ೦.೩. ವಿಶ್ವ ಆರೋಗ್ಯ ಸಂಸ್ಥೆ ಉಲ್ಲೇಖಿಸುವ ಅಂಕಿಗಳಿವು. ಜನ ಹೆದರುವುದು ಕೊನೆಯದಕ್ಕೆ, ಹೆದರಬೇಕಾದುದು ಮೊದಲನೆಯದಕ್ಕೆ. ಮೊದಲನೆಯದಕ್ಕೆ ಲಸಿಕೆಯುಂಟು ಎಂಬುದೊಂದೇ ಸಮಾಧಾನ.

ನನ್ನ ತಾಯಿಯ ರಕ್ತವನ್ನು ಪರೀಕ್ಷಿಸಿದರು. ಸಕ್ಕರೆಯ ಹೊರತು ಬೇರೆ ದೋಷವಿರಲಿಲ್ಲ. ಹುಡುಗನ ಪ್ರಶ್ನೆಗೆ ಉತ್ತರ ದೊರೆಯಿತು. ಆದರೆ ಉತ್ತರ ದೊರೆತುದು ಆ ಸೂಜಿಗೆ ಒಂದು ಮನೆ ಇದ್ದುದರಿಂದ. ಅದೇ ಸೂಜಿ ದವಾಖಾನೆಯ ಹಿಂದಿನ ತಿಪ್ಪೆಯಲ್ಲಿ ಬಿದ್ದಿದ್ದರೆ? ಅಲ್ಲಿ ನೂರು ಜನರ ನೂರು ಸೂಜಿಗಳು ಒಂದಾಗಿ ಕುಳಿತಿರುತ್ತವೆ. ಕೇಳಿದರೆ ಹೇಳುವವರಿಲ್ಲ. ಸೂಜಿಗೆ ಅಲ್ಲಿ ವಿಳಾಸವಿಲ್ಲ.

ಈ ಒಂದು ಯೋಚನೆಯೇ ನನ್ನನ್ನು ನಮ್ಮ ಸೀಮೆಯ ದವಾಖಾನೆಗಳ ಹಿತ್ತಿಲುಗಳಿಗೆ ಕರೆದೊಯ್ದಿತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಎಷ್ಟೋ ಸಲ ರೋಗಿಗಳನ್ನು ನೋಡಲೆಂದು ಹೋಗಿ ಮುಂಬಾಗಿಲಿನಿಂದ ಹಿಂದಿರುಗಿದ್ದೇನೆ. ಹಿಂಬಾಗಿಲಿನ ಕಡೆಗೆ ಕಣ್ಣು ಹಾಯಿಸಿದುದು ಈಗಲೇ. ಕೆಲವೆಡೆ ಕಂಡುದು ಮನಸ್ಸಿಗೆ ಸಂತೋಷ ತಂದಿತು. ಕೆಲವೆಡೆ ಕಂಡುದನ್ನು ಬರೆಯದಿರುವುದೇ ಲೇಸು.

ನಾನು ಚಿಕ್ಕವನಾಗಿದ್ದಾಗ ದವಾಖಾನೆಗೆ ಹಿತ್ತಿಲ ಚಿಂತೆ ಇಷ್ಟಿರಲಿಲ್ಲ. ಗಾಜಿನ ಸಿರಿಂಜು, ಉಕ್ಕಿನ ಸೂಜಿ. ಕಂಪೌಂಡರನು ಅವನ್ನು ಸ್ಟವ್ವಿನ ಮೇಲೆ ತಟ್ಟೆಯಲ್ಲಿ ಕುದಿಸುತ್ತಿದ್ದ. ನೀರು ಕೊತಕೊತ ಎನ್ನುವ ಸದ್ದು ಕೇಳಿಯೇ ನಾವು ಅಳಲು ತೊಡಗುತ್ತಿದ್ದೆವು. ಒಂದೇ ಸೂಜಿ ಒಂದು ಓಣಿಗೆಲ್ಲ ಸಾಕಾಗುತ್ತಿತ್ತು. ಮೊಂಡಾದರೆ ಸಾಣೆ ಹಿಡಿಯುತ್ತಿದ್ದರಂತೆ. ಬಿಸಾಡಲು ಇದ್ದುದು ಹತ್ತಿ, ಬಟ್ಟೆಪಟ್ಟಿ, ಒಡೆದ ಸಣ್ಣ ಔಷಧದ ಸೀಸೆ, ಅಷ್ಟೆ. ಆ ಪದ್ಧತಿ ಒಳ್ಳೆಯದಿತ್ತೆಂದು ನಾನು ಹೇಳುತ್ತಿಲ್ಲ. ಕುದಿಯುವುದು ಒಂದು ನಿಮಿಷ ಕಡಮೆಯಾದರೆ ಒಬ್ಬನ ಬೇನೆ ಇನ್ನೊಬ್ಬನಿಗೆ ಹೋಗುತ್ತಿತ್ತು. ಆದುದರಿಂದಲೇ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸಿರಿಂಜು ಬಂದಿತು, ಸಲಾಯಿನ್ ಹಚ್ಚುವ ಪ್ಲಾಸ್ಟಿಕ್ ನಳಿಕೆ ಬಂದಿತು. ಮಂಚದ ಮೇಲೆ ಮಲಗಿದವನಿಗೆ ಅದರಿಂದ ರಕ್ಷಣೆ ದೊರೆಯಿತು. ಆದರೆ ಅಪಾಯವು ನಾಶವಾಗಲಿಲ್ಲ. ಮಂಚದ ಬಳಿಯಿಂದ ಹಿತ್ತಿಲಿಗೆ ಸರಿಯಿತು. ರೋಗಿಯ ಕೈಯಿಂದ ಕಸ ಬಳಿಯುವವಳ ಕೈಗೆ ಹೋಯಿತು. ನಾವು ಅದನ್ನು ಸುಧಾರಣೆ ಎಂದು ಕರೆದೆವು. ಅರ್ಧ ಸುಧಾರಣೆ ಎನ್ನಬೇಕು.

ಎಸೆದುದು ಎಸೆದಲ್ಲಿಯೇ ಇರುತ್ತದೆಂಬ ಭರವಸೆಯೂ ಇಲ್ಲ. ೨೦೦೯ರಲ್ಲಿ ಗುಜರಾತದ ಮೋಡಾಸಾ ಎಂಬ ಊರಿನ ಸುತ್ತ ಹೆಪಟೈಟಿಸ್ ಬಿ ಹಬ್ಬಿ ಹತ್ತಾರು ಜನ ಸತ್ತರು. ತನಿಖೆಯಲ್ಲಿ ಹೊರಬಿದ್ದುದು ಬಳಸಿದ ಸಿರಿಂಜು, ಸೂಜಿಗಳ ಮರುಬಳಕೆ. ಪ್ಲಾಸ್ಟಿಕ್‌ಗೆ ಬೆಲೆಯಿರುವವರೆಗೆ ಅದನ್ನು ಆಯುವ ಕೈಗಳು ಇದ್ದೇ ಇರುತ್ತವೆ. ಸೂಜಿಯನ್ನು ಬಳಸಿದ ಕೂಡಲೇ ಕತ್ತರಿಸಬೇಕು, ಸಿರಿಂಜನ್ನು ಮತ್ತೆ ಉಪಯೋಗಕ್ಕೆ ಬಾರದಂತೆ ಮಾಡಬೇಕು ಎಂದು ದಾದಿಯರಿಗೆ ಬಾರಿಬಾರಿಗೂ ಹೇಳುವುದರ ಹಿಂದೆ ಇಂಥ ಸಾವುಗಳಿವೆ.

ಮೊದಮೊದಲು ಸರಕಾರಕ್ಕೂ ನ್ಯಾಯಾಲಯಕ್ಕೂ ತೋಚಿದ ಪರಿಹಾರ ಬೆಂಕಿ. ೧೯೯೬ರಲ್ಲಿ ದಿಲ್ಲಿಯ ಕಸದ ಬಗೆಗೆ ತೀರ್ಪು ಕೊಡುತ್ತ ಸರ್ವೋಚ್ಚ ನ್ಯಾಯಾಲಯವು ೫೦ ಹಾಸಿಗೆಗಳಿಗಿಂತ ದೊಡ್ಡ ಆಸ್ಪತ್ರೆಗಳು ದಹನ ಕುಲುಮೆಗಳನ್ನು ಹೊಂದಬೇಕೆಂದಿತು. ಸುಟ್ಟರೆ ಮುಗಿಯಿತು ಎಂಬುದು ನಮ್ಮ ಹಳೆಯ ನಂಬಿಕೆ. ಆದರೆ ಸುಡುವುದರಲ್ಲಿ ಇನ್ನೊಂದು ತೊಡಕಿತ್ತು. ರಕ್ತದ ಚೀಲ, ನಳಿಕೆ, ಕೈಗವಸುಗಳಲ್ಲಿ ಕ್ಲೋರಿನ್ ಬೆರೆತ ಪ್ಲಾಸ್ಟಿಕ್ ಉಂಟು. ಅದು ಬೆಂದರೆ ಡೈಆಕ್ಸಿನ್ ಎಂಬ ವಿಷ ಹೊರಡುತ್ತದೆ. ಅದು ಕಣ್ಣಿಗೆ ಕಾಣದು. ದೇಹದ ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಅರ್ಬುದಕ್ಕೂ ಕಾರಣವಾಗುತ್ತದೆ. ತಿಪ್ಪೆಯಲ್ಲಿದ್ದ ಅಪಾಯ ಹೊಗೆಯನ್ನೇರಿ ಊರಿಗೆಲ್ಲ ಹಂಚಿಹೋಯಿತು. ಆದುದರಿಂದ ಎಲ್ಲವನ್ನೂ ಸುಡುವಂತಿಲ್ಲ, ಎಲ್ಲವನ್ನೂ ಹೂಳುವಂತಿಲ್ಲ. ಬೇರ್ಪಡಿಸಲೇಬೇಕು ಎಂಬಲ್ಲಿಗೆ ಬಂದು ನಿಂತಿತು. ೧೯೯೮ರ ಜುಲೈಯಲ್ಲಿ ಬಂದ ಮೊದಲ ನಿಯಮಗಳು ಈ ಕಸವನ್ನು ಹತ್ತು ವರ್ಗಗಳನ್ನಾಗಿ ವಿಂಗಡಿಸಿದ್ದುವು. ೨೦೧೬ರ ಮಾರ್ಚಿಯಲ್ಲಿ ಬಂದ ಹೊಸ ನಿಯಮಗಳು ಹತ್ತನ್ನು ನಾಲ್ಕಕ್ಕೆ ಇಳಿಸಿದುವು. ನಮ್ಮ ವ್ಯಾಕರಣಕಾರರು ಹೀಗೆ ಉದಾರಿಗಳಾಗಿದ್ದರೆ ವಿದ್ಯಾರ್ಥಿಗಳು ಅವರನ್ನು ಹರಸುತ್ತಿದ್ದರೇನೋ.

ನಾಲ್ಕು ವರ್ಗಕ್ಕೆ ನಾಲ್ಕು ಬಣ್ಣ. ಇದನ್ನು ನನಗೆ ತಿಳಿಯಹೇಳಿದವಳು ಒಬ್ಬ ದಾದಿ, ಬನಹಟ್ಟಿಯ ನೇಕಾರರ ಮನೆಯ ಮಗಳು. ಗೋಡೆಗೆ ಅಂಟಿಸಿದ ಸರಕಾರಿ ಪಟದ ಮುಂದೆ ನಿಂತು ನಾನು ಅದರ ಕನ್ನಡದ ತಪ್ಪುಗಳನ್ನು ಎಣಿಸುತ್ತಿದ್ದೆ. ಅವಳು ನಕ್ಕು, “ಅದನ್ಯಾಕ ಓದ್ತೀರಿ ಸರ, ಇತ್ತ ಬರ್ರಿ,” ಎಂದು ಡಬ್ಬಿಗಳ ಬಳಿಗೇ ಕರೆದಳು.

ಹಳದಿ ಚೀಲಕ್ಕೆ ಹೋಗುವುದು ಬೆಂಕಿಗೆ ಸಲ್ಲುವುದು: ಶಸ್ತ್ರಕ್ರಿಯೆಯಲ್ಲಿ ತೆಗೆದ ಅಂಗಭಾಗ, ಹೆರಿಗೆಯ ಮಾಸು, ರಕ್ತ ಹಿಡಿದ ಹತ್ತಿ ಮತ್ತು ಪಟ್ಟಿ, ಅವಧಿ ಮೀರಿದ ಔಷಧ. ಕೆಂಪು ಚೀಲಕ್ಕೆ ಹೋಗುವುದು ಪ್ಲಾಸ್ಟಿಕ್: ಸಲಾಯಿನ್ ನಳಿಕೆ, ಮೂತ್ರದ ಚೀಲ, ಕೈಗವಸು, ಸೂಜಿ ತೆಗೆದ ಸಿರಿಂಜು. ಇದನ್ನು ಸುಡಬಾರದು. ಒತ್ತಡದ ಹಬೆಯಲ್ಲಿ ಬೇಯಿಸಿ, ಚೂರುಚೂರು ಮಾಡಿ, ಮತ್ತೆ ಪ್ಲಾಸ್ಟಿಕ್ ಆಗಲು ಕಳಿಸಬೇಕು. ಹಬೆ ೧೨೧ ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ ಅದಕ್ಕೆ ಒಂದು ಗಂಟೆ ಹಿಡಿಯುತ್ತದೆ. ನಮ್ಮ ಮನೆಯ ಕುಕ್ಕರಿನದೇ ತತ್ತ್ವ ಎಂದು ಅವಳೆಂದಳು. ಬಿಳಿಯ ಡಬ್ಬಿಗೆ ಚುಚ್ಚುವ, ಕೊಯ್ಯುವ ಲೋಹದ ವಸ್ತುಗಳೆಲ್ಲ. ಅದು ಚೀಲವಲ್ಲ, ಗಟ್ಟಿಯಾದ ಡಬ್ಬಿ. ಒಳಗಿನದು ಕಾಣುವಂತಿರಬೇಕು, ಚುಚ್ಚಿದರೆ ತೂತು ಬೀಳಬಾರದು, ಒಮ್ಮೆ ಹಾಕಿದುದು ಹೊರಗೆ ಬರಬಾರದು. ನೀಲಿಯ ಗುರುತಿನದಕ್ಕೆ ಗಾಜು. ಗಾಜಿನ ಮಾತು ಬಂದಾಗ ರನ್ನನು ನೆನಪಾದ. ಬಳೆಗಾರರ ಮನೆಯಲ್ಲಿ ಹುಟ್ಟಿದವನಲ್ಲವೆ? ಒಡೆದ ಬಳೆಯ ಚೂರನ್ನು ಅಂಗಳಕ್ಕೆ ಎಸೆಯಬಾರದೆಂಬುದನ್ನು ಅವನ ತಾಯಿ ಅವನಿಗೆ ಅಕ್ಷರಕ್ಕಿಂತ ಮೊದಲು ಕಲಿಸಿರಬೇಕು. ಇದು ನನ್ನ ಊಹೆ ಮಾತ್ರ. ವಿದ್ವಾಂಸರು ಆಧಾರ ಕೇಳಬಾರದು.

“ಯಾವಾಗ ಬೇರೆ ಮಾಡುತ್ತೀರಿ? ಸಂಜೆಯೆ?” ಎಂದು ಕೇಳಿದೆ. ಅವಳಿಗೆ ನನ್ನ ಅಜ್ಞಾನ ಆಶ್ಚರ್ಯವೆನಿಸಿರಬೇಕು.

“ಸಂಜಿಗಿ ಹ್ಯಾಂಗ ಆಗತೈತ್ರಿ? ನಮ್ಮ ಮನ್ಯಾಗ ಬಣ್ಣದ ಎಳಿ ಮಗ್ಗಕ್ಕ ಹೋಗೂ ಮುಂಚೆ ಬ್ಯಾರೆ ಆಗಬೇಕು. ನೇದ ಮ್ಯಾಗ ಸೀರ್ಯಾಗಿಂದ ತಗೀಲಿಕ್ಕಿ ಬರೂದಿಲ್ಲ. ಇದೂ ಹಂಗ. ಸೂಜಿ ಮಾಡಿದ ಕೈನ ಅದನ್ನ ಡಬ್ಬ್ಯಾಗ ಹಾಕಬೇಕು.”

ಇಡೀ ನಿಯಮಾವಳಿಯ ತಿರುಳು ಈ ಮಾತಿನಲ್ಲಿದೆ ಎಂದು ನನಗೆ ಅನಿಸುತ್ತದೆ. ಒಮ್ಮೆ ಕಲೆತ ಕಸವನ್ನು ಆಮೇಲೆ ಬೇರೆ ಮಾಡಬೇಕಾದರೆ ಯಾರೋ ಒಬ್ಬರು ಅದರೊಳಗೆ ಕೈ ಹಾಕಲೇಬೇಕು. ಹಾಗೆ ಕೈ ಹಾಕುವವರು ಎಂದೂ ವೈದ್ಯರಲ್ಲ, ದಾದಿಯೂ ಅಲ್ಲ. ಅತ್ಯಂತ ಕಡಮೆ ಸಂಬಳದವರು, ಕೆಲವೊಮ್ಮೆ ಸಂಬಳವೇ ಇಲ್ಲದೆ ತಿಪ್ಪೆಯಲ್ಲಿ ಆಯುವವರು. ಮಂಚದ ಬಳಿ ಉಳಿಸಿದ ಒಂದು ಕ್ಷಣವನ್ನು ಹಿತ್ತಿಲಿನಲ್ಲಿ ಇನ್ನೊಬ್ಬರ ರಕ್ತದಿಂದ ತೀರಿಸಬೇಕಾಗುತ್ತದೆ.

ಲೆಕ್ಕವೂ ಇದನ್ನೇ ಹೇಳುತ್ತದೆ. ದವಾಖಾನೆಯ ಕಸದಲ್ಲಿ ನೂರಕ್ಕೆ ಸುಮಾರು ೮೫ ಪಾಲು ನಮ್ಮ ನಿಮ್ಮ ಮನೆಯ ಕಸದಂಥದೇ: ಊಟದ ಎಲೆ, ಬಾಳೆಹಣ್ಣಿನ ಸಿಪ್ಪೆ, ಔಷಧದ ರಟ್ಟಿನ ಪೆಟ್ಟಿಗೆ. ಅಪಾಯದ್ದು ೧೫ ಪಾಲು ಮಾತ್ರ. ಆದರೆ ಹಾಲಿಗೆ ಹುಳಿ ಹಿಂಡಿದಂತೆ ಆ ೧೫ ಪಾಲು ಉಳಿದುದರಲ್ಲಿ ಕಲೆತರೆ ನೂರು ಕಿಲೋಗೆ ನೂರು ಕಿಲೋವೂ ಅಪಾಯದ ಕಸವೇ ಆಗುತ್ತದೆ. ನೂರಕ್ಕೂ ಹಣ ತೆರಬೇಕಾಗುತ್ತದೆ. ಕೆಂಪಿನದು ಹಳದಿಗೆ ಹೋದರೆ ವಿಷದ ಹೊಗೆ. ಹಳದಿಯದು ಕೆಂಪಿಗೆ ಹೋದರೆ ರಕ್ತ ಹಿಡಿದ ಹತ್ತಿ ಪ್ಲಾಸ್ಟಿಕ್ ಕರಗಿಸುವವನ ಅಂಗಳಕ್ಕೆ.

ಹಿತ್ತಿಲಿನಿಂದ ಮುಂದಿನ ಪಯಣ ದೂರದ್ದು. ಹಾಗೇ ಸಂಗ್ರಹಿಸಿಟ್ಟ ಕಸವನ್ನು ೪೮ ಗಂಟೆಗಳಿಗಿಂತ ಹೆಚ್ಚು ಇಡುವಂತಿಲ್ಲ. ೭೫ ಕಿಲೋಮೀಟರಿನೊಳಗೆ ಎಲ್ಲ ದವಾಖಾನೆಗಳಿಗೂ ಸೇರಿದ ಒಂದು ಸಂಸ್ಕರಣ ಘಟಕವಿದ್ದರೆ ಪ್ರತಿಯೊಬ್ಬರೂ ತಮ್ಮ ತಮ್ಮಲ್ಲಿ ಕುಲುಮೆ ಹೂಡುವಂತಿಲ್ಲ. ಅಲ್ಲಿಯ ಗಾಡಿಗೆ ಒಪ್ಪಿಸಬೇಕು. ಆ ಘಟಕದ ಕುಲುಮೆಗೆ ಎರಡು ಕೋಣೆಗಳು. ಮೊದಲನೆಯದರಲ್ಲಿ ೮೦೦ ಡಿಗ್ರಿಯ ಶಾಖದಲ್ಲಿ ಕಸ ಉರಿಯುತ್ತದೆ. ಎರಡನೆಯದರಲ್ಲಿ ೧,೦೫೦ ಡಿಗ್ರಿಯಲ್ಲಿ ಅದರ ಹೊಗೆಯೇ ಉರಿಯುತ್ತದೆ, ಕನಿಷ್ಠ ೨ ಸೆಕೆಂಡು. ಚಿಮಣಿ ನೆಲದಿಂದ ೩೦ ಮೀಟರು ಎತ್ತರವಿರಬೇಕು. ದವಾಖಾನೆಯ ಮೂಲೆಯಲ್ಲಿ ಸೀಮೆ ಎಣ್ಣೆ ಸುರಿದು ಕಡ್ಡಿ ಗೀರುವುದಕ್ಕೂ ಇದಕ್ಕೂ ಇರುವ ಅಂತರವನ್ನು ನಾನು ವಿವರಿಸಬೇಕಾಗಿಲ್ಲ.

ನನ್ನ ಗಮನವನ್ನು ಹೆಚ್ಚು ಸೆಳೆದುದು ಇನ್ನೊಂದು ಸಣ್ಣ ಸಂಗತಿ. ಪ್ರತಿ ಚೀಲದ ಮೇಲೂ ಪಟ್ಟೆಪಟ್ಟೆಯ ಒಂದು ಚೀಟಿ, ಬಾರ್‌ಕೋಡ್, ಇರಬೇಕೆಂದು ೨೦೧೬ರ ನಿಯಮ ಹೇಳಿತು. ಅಂಗಡಿಯ ಸಾಬೂನಿನ ಮೇಲೆ ಇರುವಂಥದೇ. ಯಾವ ದವಾಖಾನೆಯ ಚೀಲ, ಎಷ್ಟು ತೂಕ ಎಂಬುದು ಅದರಿಂದ ತಿಳಿಯುತ್ತದೆ. ನಾನು ಹುಡುಕುತ್ತಿದ್ದ ವಿಳಾಸ ಇದು! ಸೂಜಿಗಲ್ಲದಿದ್ದರೂ ಚೀಲಕ್ಕಾದರೂ ಒಂದು ಊರು, ಒಂದು ಮನೆ ದೊರೆಯಿತು. ಚೀಟಿ ಅಂಟಿಸುವುದನ್ನು ಬೇಸರದ ಕೆಲಸವೆಂದು ಗೊಣಗುವ ಗುಮಾಸ್ತರನ್ನು ಕಂಡಿದ್ದೇನೆ. ಅವರಿಗೆ ನನ್ನ ಓಣಿಯ ಹುಡುಗನ ಪ್ರಶ್ನೆಯನ್ನು ಹೇಳಬೇಕೆನಿಸಿತು.

ಗಾಡಿ ತಲುಪಲಾರದ ದೂರದ ಹಳ್ಳಿಗಳಿಗೆ ನಿಯಮವು ಆಳವಾದ ಗುಂಡಿಯನ್ನು ಒಪ್ಪುತ್ತದೆ. ಎರಡು ಮೀಟರು ಆಳ. ಅರ್ಧದವರೆಗೆ ಕಸ, ಅದರ ಮೇಲೆ ಸುಣ್ಣ, ಅದರ ಮೇಲೆ ಮಣ್ಣು. ಪ್ರತಿ ಸಲ ಹಾಕಿದಾಗಲೂ ೧೦ ಸೆಂಟಿಮೀಟರು ಮಣ್ಣಿನ ಹೊದಿಕೆ. ದನ ನಾಯಿಗಳು ಕೆದರದಂತೆ ಮೇಲೆ ಜಾಲರಿ. ಹತ್ತಿರ ಬಾವಿ ಇರಬಾರದು, ನೆರೆ ಬರುವ ಜಾಗ ಆಗಬಾರದು. ಓದುವಾಗ ಸುಲಭ. ಆದರೆ ನಮ್ಮ ಸೀಮೆಯಲ್ಲಿ ಇಂಥ ಜಾಗ ಹುಡುಕಿ ನೋಡಿರಿ! ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ಘಟಪ್ರಭೆ. ಬೇಸಿಗೆಯಲ್ಲಿ ಆಳುದ್ದ ಬಾಯಿ ಬಿಡುವ ಎರೆಭೂಮಿ. ಬೀಳಗಿಯ ಕಡೆ ಆಲಮಟ್ಟಿಯ ಹಿನ್ನೀರು ಎಷ್ಟೋ ಹಳ್ಳಿಗಳನ್ನೇ ಎಬ್ಬಿಸಿ ಬೇರೆಡೆಗೆ ಕಳಿಸಿದೆ. ೨೦೧೯ರ ಆಗಸ್ಟಿನಲ್ಲಿ ಎರಡೂ ಹೊಳೆಗಳು ಒಟ್ಟಿಗೆ ಏರಿ ಬಂದುದನ್ನು ಮುಧೋಳ, ಜಮಖಂಡಿಗಳ ಹೊಳೆದಂಡೆಯ ಜನ ಮರೆತಿಲ್ಲ. ಮನೆಯೊಳಗಿನ ತೊಟ್ಟಿಲು, ಕಾಳಿನ ಚೀಲಗಳನ್ನು ಕೊಚ್ಚಿ ಒಯ್ದ ನೀರು ಗುಂಡಿಯಲ್ಲಿದ್ದುದನ್ನು ಬಿಟ್ಟು ಹೋದೀತೆ? ೧೯೮೯ರಲ್ಲಿ ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ಹಣ ಕೂಡಿಸಿ, ಬೆವರು ಸುರಿಸಿ ಕೃಷ್ಣೆಗೆ ಒಡ್ಡು ಕಟ್ಟಿದರು. ಬೇಸಿಗೆಗೆಂದು ಅಷ್ಟು ಕಷ್ಟದಿಂದ ನಿಲ್ಲಿಸಿದ ನೀರಿನ ದಂಡೆಯ ಮೇಲೆ ಎಲ್ಲಿ ಏನನ್ನು ಹೂಳುತ್ತೇವೆಂಬುದು ಕೇವಲ ದವಾಖಾನೆಯ ಮಾತಲ್ಲ.

ದೊಡ್ಡ ದವಾಖಾನೆಗಳಿಗೆ ಅಧಿಕಾರಿಗಳ ಭಯವಿದೆ, ದಫ್ತರವಿದೆ. ನನ್ನ ಚಿಂತೆ ಸಣ್ಣವರದು. ಒಂದು ಮೇಜು, ಒಂದು ಬೆಂಚು, ದಿನಕ್ಕೆ ಇಪ್ಪತ್ತು ಸೂಜಿಗಳ ವೈದ್ಯರು. ಹಳ್ಳಿಹಳ್ಳಿಗೆ ಮೋಟಾರುಬೈಕಿನ ಮೇಲೆ ಚೀಲ ಕಟ್ಟಿಕೊಂಡು ಹೋಗಿ ಸೂಜಿ ಮಾಡುವ, ಪದವಿ ಇಲ್ಲದ ‘ಡಾಕ್ಟರ’ರು. ಅವರ ಸೂಜಿ ಕಬ್ಬಿನ ಹೊಲದ ಬದುವಿನಲ್ಲಿಯೋ ಹಳ್ಳದಲ್ಲಿಯೋ ಕೊನೆಗಾಣುತ್ತದೆ; ಬರಿಗಾಲಿನಲ್ಲಿ ಕಬ್ಬು ಕಡಿಯುವವರು ಅದನ್ನು ಕಂಡುಹಿಡಿಯುತ್ತಾರೆ. ದನದ ದವಾಖಾನೆಗಳೂ ಇದೇ ನಿಯಮಕ್ಕೆ ಒಳಪಟ್ಟಿವೆ ಎಂಬುದು ಬಹಳ ಜನಕ್ಕೆ ತಿಳಿಯದು. ನಾಯಿತಳಿಗೆ ಹೆಸರಾಗಿ, ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನ ಕೇಂದ್ರವನ್ನು ಹೊಂದಿರುವ ಮುಧೋಳ ತಾಲೂಕಿನವರಿಗೆ ಇದನ್ನು ಹೇಳಿದರೆ ತಪ್ಪಾಗಲಾರದು. ರಕ್ತದಾನ ಶಿಬಿರ, ಲಸಿಕೆಯ ಶಿಬಿರಗಳಿಗೂ ವಿನಾಯಿತಿ ಇಲ್ಲ. ನಮ್ಮ ಕಾಲೇಜಿನಲ್ಲಿ ರಕ್ತದಾನ ಮಾಡಿಸಿ ಪತ್ರಿಕೆಗೆ ಭಾವಚಿತ್ರ ಕಳಿಸಿದ್ದೇವೆ. ಅಂದಿನ ಹತ್ತಿ ಎಲ್ಲಿ ಹೋಯಿತೆಂದು ನಾವಾರೂ ಕೇಳಿರಲಿಲ್ಲ.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಈ ಶತಮಾನದ ಆರಂಭದ ವರ್ಷಗಳಲ್ಲಿ ಎಚ್‌ಐವಿ ಹೆಚ್ಚಾಗಿದ್ದ ಜಿಲ್ಲೆಗಳಲ್ಲಿ ನಮ್ಮ ಬಾಗಲಕೋಟೆಯೂ ಒಂದಾಗಿತ್ತು. “ಯಾರಿಗರ ಏನರ ಐತೇನು” ಎಂಬ ಪ್ರಶ್ನೆ ಆಗ ಎಷ್ಟೋ ಮನೆಗಳನ್ನು ಒಡೆಯಿತು. ಎಷ್ಟೋ ಹೆಣ್ಣುಮಕ್ಕಳನ್ನು ತವರಿಗೆ ಅಟ್ಟಿತು. ಬೇನೆ ಇದ್ದವರ ಹಾಸಿಗೆಗೆ ಗುರುತು ಹಾಕಿ ಅವರ ಕಸವನ್ನು ಮಾತ್ರ ದೂರವಿಡುವುದು ಸುಲಭವೆಂದು ತೋರಬಹುದು. ನಿಯಮ ಹಾಗೆ ಮಾಡಲಿಲ್ಲ. ಅದು ಎಲ್ಲ ಸೂಜಿಗಳನ್ನೂ ಒಂದೇ ಎಂದು ಎಣಿಸುತ್ತದೆ: ಶೆಟ್ಟರ ಸೂಜಿ, ಕೂಲಿಯವನ ಸೂಜಿ, ಹಸುಗೂಸಿನ ಸೂಜಿ, ನನ್ನ ತಾಯಿಯ ಸೂಜಿ. ಯಾರದೆಂದು ಕೇಳದೆ ಎಲ್ಲವನ್ನೂ ಬಿಳಿಯ ಡಬ್ಬಿಗೆ ಹಾಕಿದಲ್ಲಿ ಆ ಪ್ರಶ್ನೆಯನ್ನು ಕೇಳುವ ಪ್ರಸಂಗವೇ ಬಾರದು. ರೋಗಿಯ ಗುಟ್ಟೂ ಉಳಿಯುತ್ತದೆ, ಕಸ ಬಳಿಯುವವಳ ಕೈಯೂ ಉಳಿಯುತ್ತದೆ.

ಮನೆಯ ಸೂಜಿಯ ಗತಿ ಏನು? ೨೦೧೬ರಲ್ಲಿಯೇ ಬಂದ ಘನತ್ಯಾಜ್ಯದ ನಿಯಮಗಳು ಮನೆಯಲ್ಲಿ ಬಳಸಿದ ಸೂಜಿ, ಹಳೆಯ ಔಷಧಗಳನ್ನು ಬೇರೆ ಕಸದಲ್ಲಿ ಸೇರಿಸದೆ ಅಪಾಯಕಾರಿ ಎಂದು ಪ್ರತ್ಯೇಕವಾಗಿ ಒಪ್ಪಿಸಬೇಕೆಂದುವು. ಕಾಗದದ ಮೇಲಿನ ಮಾತು ಓಣಿಗೆ ಇಳಿಯಲು ಹೊತ್ತು ಹಿಡಿಯುತ್ತದೆ. ನಾನು ಒಂದು ದಪ್ಪ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳಕ್ಕೆ ಸೀಳು ಕೊರೆದು ತಾಯಿಯ ಮಂಚದ ಬಳಿ ಇಟ್ಟೆ. ಮೂರು ತಿಂಗಳಿಗೆ ಅದು ಮುಕ್ಕಾಲು ತುಂಬಿತು. ಮುಚ್ಚಳಕ್ಕೆ ಅಂಟುಪಟ್ಟಿ ಸುತ್ತಿ, ಬನಹಟ್ಟಿಯ ಆ ದಾದಿಯಲ್ಲಿಗೆ ಒಯ್ದೆ.

ಅವಳು ಸ್ವಲ್ಪ ಹಿಂದೆಮುಂದೆ ನೋಡಿದಳು. “ಇದು ನಮ್ಮ ಲೆಕ್ಕಕ್ಕ ಬರೂದಿಲ್ಲಲ್ರಿ ಸರ,” ಎಂದಳು. ಹೊರಗಿನ ಕಸವನ್ನು ತೆಗೆದುಕೊಂಡರೆ ತೂಕದ ಪುಸ್ತಕದಲ್ಲಿ ಏನೆಂದು ಬರೆಯುವುದು? ಆಮೇಲೆ ವೈದ್ಯಾಧಿಕಾರಿಗಳನ್ನು ಕೇಳಿ ಬಂದು, ಡಬ್ಬಿಯನ್ನು ತೆರೆಯದೆ ಹಾಗೆಯೇ ತೆಗೆದುಕೊಂಡಳು. ಮುಂದಿನ ಸಲ ಇನ್ನೂ ಚಿಕ್ಕ ಡಬ್ಬಿ ತರಬೇಕೆಂದೂ, ಇಷ್ಟು ತುಂಬುವವರೆಗೆ ಕಾಯಬಾರದೆಂದೂ ಹೇಳಿದಳು. ನಾನು ವಿದ್ಯಾರ್ಥಿಯಂತೆ ತಲೆಯಾಡಿಸಿದೆ.

ಮನೆಗೆ ಬಂದಾಗ ತಾಯಿ ಹೊಸ್ತಿಲಲ್ಲಿ ಕುಳಿತಿದ್ದಳು. ಡಬ್ಬಿ ಏನಾಯಿತೆಂದು ಕೇಳಲಿಲ್ಲ. “ಆ ಹುಡುಗನ ಎರಡನೇ ರಕ್ತದ ಪರೀಕ್ಷೆ ಆತೇನೋ?” ಎಂದಳು. ಆಗಿದೆ, ಏನೂ ಇಲ್ಲವಂತೆ, ಇನ್ನೊಮ್ಮೆ ಮಾಡಿಸಬೇಕಂತೆ ಎಂದೆ. ಮರುದಿನ ಗಾಡಿ ಬಂದಾಗ ಅವಳೇ ಕೋಲೂರಿಕೊಂಡು ಹೊರಗೆ ಹೋಗಿ ಅವನನ್ನು ನಿಲ್ಲಿಸಿದಳು. ಅವನ ಅಂಗೈಯನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಗುರುತು ಎಲ್ಲಿಯೂ ಕಾಣಲಿಲ್ಲ.